ಉತ್ತರ ಬರೆದಿಟ್ಟು ಸಂಶೋಧನೆ ಮಾಡಿಸಬೇಡಿ: ಮಲೆನಾಡಿನ ಅಡಿಕೆ ಮುಖಂಡರಿಗೆ ಒಂದು ಬಹಿರಂಗ ಪತ್ರ

ಮಲೆನಾಡಿನ ಶಾಸಕರಿಗೆ, ಸಂಸದರಿಗೆ, ಅಡಿಕೆ ಸಹಕಾರ ಸಂಘಗಳ ಅಧ್ಯಕ್ಷರಿಗೆ ಮತ್ತು ನಿರ್ದೇಶಕರಿಗೆ,

ಮಾನ್ಯರೇ,

ಅಡಿಕೆ ಆರೋಗ್ಯಕ್ಕೆ ಹಾನಿಕರವಲ್ಲ ಎಂಬುದನ್ನು ಸಂಶೋಧನೆ ಮಾಡಿಸಿ ಸಾಬೀತುಪಡಿಸುತ್ತೇವೆ ಎಂಬ ಭರವಸೆ ಬೆಳೆಗಾರರ ಸಭೆಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ಪಕ್ಷ ಯಾವುದೇ ಇರಲಿ, ಆ ಮಾತಿಗೆ ಚಪ್ಪಾಳೆ ತಪ್ಪಿದ್ದಿಲ್ಲ. ಚಪ್ಪಾಳೆ ತಟ್ಟುವವರಲ್ಲಿ ನಮ್ಮ ಅಪ್ಪನೂ ಒಬ್ಬರು. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ ಮಗಳು. ಈಚೆಗಷ್ಟೇ ಬಯೋಮೆಡಿಕಲ್ ವಿಜ್ಞಾನದಲ್ಲಿ ಸಂಶೋಧನಾ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಅಡಿಕೆಯ ಸಾರ ಬಾಯಿಯೊಳಗಿನ ಜೀವಕೋಶಗಳಿಗೆ ಏನು ಮಾಡುತ್ತದೆ ಎಂಬುದೇ ನನ್ನ ಥೀಸಿಸ್. ಹಾಗಾಗಿ ನಿಮ್ಮ ಭರವಸೆ ನನ್ನನ್ನು ಎರಡು ಕಡೆಯಿಂದ ತಾಗುತ್ತದೆ.

ನನ್ನ ಕೋರಿಕೆ ಒಂದೇ. ಸಂಶೋಧನೆಗೆ ಹಣ ಕೊಡಿ, ಧಾರಾಳವಾಗಿಯೇ ಕೊಡಿ. ಆದರೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ಸಹಿ ಹಾಕುವ ವಿಜ್ಞಾನಿಗಳನ್ನು ಹುಡುಕಬೇಡಿ. ಇದನ್ನು ಹೇಳಲು ನನಗಿರುವ ಅರ್ಹತೆ ದೊಡ್ಡದೇನಲ್ಲ. ನಾನು ಡಾಕ್ಟರಲ್ಲ, ಪಿಎಚ್.ಡಿ.ಯನ್ನೂ ಮಾಡಿಲ್ಲ. ಆದರೆ ಅಡಿಕೆಯನ್ನು ಪುಡಿ ಮಾಡಿ, ಸೋಸಿ, ಕೋಶಗಳ ಮೇಲೆ ಹಾಕಿ ನೋಡಿದವಳು ನಾನು. ನೋಡುವುದು ಎಷ್ಟು ಕಷ್ಟ, ತಪ್ಪಾಗಿ ನೋಡುವುದು ಎಷ್ಟು ಸುಲಭ ಎಂಬುದನ್ನು ಹತ್ತಿರದಿಂದ ಬಲ್ಲೆ.

ಈ ಓದು ಏನೆಂದು ಮೊದಲು ಹೇಳಬೇಕು. ನಮ್ಮ ಕಡೆ ಇದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೆ ‘ರಕ್ತ ಪರೀಕ್ಷೆ ಮಾಡುವ ಕೋರ್ಸಾ?’ ಎಂದು ಒಬ್ಬರು, ‘ಆಸ್ಪತ್ರೆಯ ಮೆಷಿನ್ ರಿಪೇರಿಯಾ?’ ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡೂ ಅಲ್ಲ. ಮಾಮೂಲಿ ಎಂ.ಎಸ್ಸಿ.ಯಲ್ಲಿ ಪಾಠ, ಪರೀಕ್ಷೆಗಳದೇ ಮೇಲುಗೈ; ಪ್ರಾಜೆಕ್ಟ್ ಎನ್ನುವುದು ಕೊನೆಯ ಸೆಮಿಸ್ಟರಿನಲ್ಲಿ ಬಂದು ಹೋಗುತ್ತದೆ. ಸಂಶೋಧನಾ ಸ್ನಾತಕೋತ್ತರದಲ್ಲಿ ಅದು ತಿರುಗುಮುರುಗು. ಒಂದಿಷ್ಟು ಪಾಠ ಮುಗಿಸಿ ಒಂದು ಪ್ರಶ್ನೆಯನ್ನು ಹಿಡಿದು ಲ್ಯಾಬಿಗೆ ಇಳಿದರೆ, ಥೀಸಿಸ್ ಬರೆದು, ಹೊರಗಿನ ಪರೀಕ್ಷಕರ ಮುಂದೆ ವೈವಾ ಮುಗಿಸಿಯೇ ಹೊರಗೆ ಬರಬೇಕು. ಹಿಂದೆ ಎಂ.ಫಿಲ್. ಇತ್ತು, ಪಿಎಚ್.ಡಿ.ಗೆ ಇಳಿಯುವ ಮೊದಲು ಸಂಶೋಧನೆ ತನಗೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಲು ಅವಕಾಶವಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆ ಆ ಕೆಲಸವನ್ನು ಮಾಡುತ್ತಿರುವುದು ಇಂಥ ಪದವಿಗಳೇ.

ನಾನು ಓದಿದ್ದು ಘಟ್ಟದ ಕೆಳಗೆ. ಬೆಳಿಗ್ಗೆ ಲ್ಯಾಬಿಗೆ ಹೋದ ಕೂಡಲೇ ಇನ್‌ಕ್ಯುಬೇಟರಿನ ಬಾಗಿಲು ತೆಗೆದು ಫ್ಲಾಸ್ಕುಗಳ ಬಣ್ಣ ನೋಡುವುದು ಮೊದಲ ಕೆಲಸ. ಒಳಗೆ ಯಾವಾಗಲೂ 37 ಡಿಗ್ರಿ ಶಾಖ, ಶೇ 5ರಷ್ಟು ಕಾರ್ಬನ್ ಡೈ ಆಕ್ಸೈಡ್. ಕೋಶಗಳಿಗೆ ಕೊಡುವ ಆಹಾರದ್ರವ ಕೆಂಪಗಿರುತ್ತದೆ. ಅದರಲ್ಲಿ ಬೆರೆಸಿದ ಫೀನಾಲ್ ರೆಡ್ ಎಂಬ ಬಣ್ಣ ಆಮ್ಲ ಹೆಚ್ಚಿದ ಹಾಗೆ ಹಳದಿಗೆ ತಿರುಗುತ್ತದೆ. ರಾತ್ರಿ ಕೆಂಪಗಿದ್ದದ್ದು ಬೆಳಗಾಗುವಷ್ಟರಲ್ಲಿ ಹಳದಿಯಾಗಿ, ಕಲಕಿದಂತೆ ಮಸುಕಾಗಿದ್ದರೆ ಬ್ಯಾಕ್ಟೀರಿಯಾ ಹೊಕ್ಕಿದೆ ಎಂದೇ ಲೆಕ್ಕ; ಆ ಫ್ಲಾಸ್ಕನ್ನು ಬ್ಲೀಚ್ ಸುರಿದು ಎಸೆಯಬೇಕು. ಜೂನ್ ಬಂತೆಂದರೆ ಬೂಷ್ಟಿನ ಕಾಟ ಬೇರೆ. ಕೊಟ್ಟಿಗೆಯಲ್ಲಿ ದನ ಕಟ್ಟಿಕೊಂಡವರಿಗೆ ಈ ಬಾಳು ಬೇಗ ಅರ್ಥವಾಗುತ್ತದೆ: ಹಬ್ಬವಿರಲಿ, ನಂಟರ ಮನೆಯ ಉಪನಯನವಿರಲಿ, ಮೇವು ನೀರು ತಪ್ಪಿಸುವಂತಿಲ್ಲ. ದೀಪಾವಳಿಗೆ ಊರಿಗೆ ಬಂದವಳು ಗೋಪೂಜೆ ಮುಗಿಯುತ್ತಿದ್ದಂತೆ ಆಗುಂಬೆಯ ಬಸ್ಸು ಹಿಡಿದದ್ದಕ್ಕೆ ನಮ್ಮ ಅತ್ತೆ ಇನ್ನೂ ಮುನಿಸಿಕೊಂಡಿದ್ದಾರೆ.

ಕೋಶಗಳು ಬಂದದ್ದು ಮನುಷ್ಯರಿಂದಲೇ. ಬುದ್ಧಿಹಲ್ಲು ಕೀಳುವಾಗ ಹೇಗೂ ಕತ್ತರಿಸಿ ಎಸೆಯುವ ಒಸಡಿನ ಚೂರನ್ನು ರೋಗಿಯ ಒಪ್ಪಿಗೆ ಪಡೆದು ತಂದು, ಸಣ್ಣಗೆ ಹೆಚ್ಚಿ, ತಟ್ಟೆಯಲ್ಲಿಟ್ಟು ಕಾದರೆ ಅದರ ಅಂಚಿನಿಂದ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಹೊರಗೆ ಹರಡಿಕೊಳ್ಳುತ್ತವೆ. ಮಾಂಸಕ್ಕೆ ಬಿಗಿ ಕೊಡುವ ಕೊಲಾಜನ್ ನಾರನ್ನು ನೇಯುವುದು ಇವೇ. ಉಗುರಿನಷ್ಟೂ ಇಲ್ಲದ ಆ ಚೂರನ್ನು ಮುಟ್ಟುವ ಮೊದಲು ನೈತಿಕ ಸಮಿತಿಯ ಅನುಮತಿ ಬೇಕು. ಯಾರಿಂದ ತೆಗೆದುಕೊಳ್ಳುತ್ತೀರಿ, ಏಕೆ, ಬೇಡವೆಂದರೆ ಅವರ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲವೇ, ಉಳಿದದ್ದನ್ನು ಏನು ಮಾಡುತ್ತೀರಿ ಎಂದು ಸಮಿತಿ ಕೇಳುತ್ತದೆ. ತಿಂಗಳುಗಟ್ಟಲೆ ಕಾಯಿಸಿದಾಗ ಅದನ್ನು ಶಪಿಸಿದ್ದುಂಟು. ಆದರೂ ಆ ಕಾಟ ಇರಬೇಕಾದದ್ದೇ.

ಆ ದಿನಗಳಲ್ಲಿ ದಂತ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಮೂಲೆ ನನಗೆ ಖಾಯಂ ಆಗಿತ್ತು. ಅಲ್ಲಿಗೆ ಒಬ್ಬ ಯುವಕ ಬಂದಿದ್ದ. ಗೂಡ್ಸ್ ಗಾಡಿ ಓಡಿಸುವವನು, ಘಟ್ಟದ ಮೇಲಿನವನೇ. ‘ಬಾಯಿ ಪೂರ್ತಿ ತೆಗೆಯಿರಿ’ ಎಂದರು ಡಾಕ್ಟರು. ‘ಪೂರ್ತಿಯೇ ತೆಗೆದಿದ್ದೇನೆ ಡಾಕ್ಟ್ರೇ’ ಎಂದ ಅವನು. ಸಾಮಾನ್ಯವಾಗಿ ನಮ್ಮ ಬಾಯಲ್ಲಿ ನಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲುತ್ತವೆ. ಅವನ ಬಾಯಲ್ಲಿ ಎರಡೂ ಹಿಡಿಸಲಿಲ್ಲ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಡುಸಾಗಿತ್ತು. ಊಟಕ್ಕೆ ಖಾರವಿದ್ದರೆ ಉರಿ ತಡೆಯಲಾಗುವುದಿಲ್ಲ, ಮಜ್ಜಿಗೆ ಅನ್ನವೇ ಗತಿ ಎಂದ. ಹೈಸ್ಕೂಲಿನಿಂದಲೂ ಪೊಟ್ಟಣದ ಅಭ್ಯಾಸ. ಇದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿಯೊಳಗಿನ ಪದರ ನಾರುಗಟ್ಟಿ ದವಡೆ ಬಿಗಿದುಕೊಳ್ಳುವ ಕಾಯಿಲೆ. ಇದಕ್ಕೆ ಮುಖ್ಯ ಕಾರಣ ಅಡಿಕೆ ಜಗಿಯುವುದು ಎಂಬುದರಲ್ಲಿ ವೈದ್ಯವಿಜ್ಞಾನಕ್ಕೆ ಅನುಮಾನ ಉಳಿದಿಲ್ಲ. ಇಂಥವರಲ್ಲಿ ಕೆಲವರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಡಾಕ್ಟರು ನನ್ನನ್ನು ತೋರಿಸಿ, ‘ಇವರು ನಿಮ್ಮ ಕಡೆಯವರೇ, ಅಡಿಕೆಯ ಮೇಲೆ ಸಂಶೋಧನೆ ಮಾಡುತ್ತಿದ್ದಾರೆ’ ಎಂದರು. ಅವನು ನನ್ನ ಕಡೆ ತಿರುಗಿ ಕೇಳಿದ್ದು ಇಷ್ಟೇ: ‘ಈ ಸಲ ರಾಶಿ ರೇಟು ಹೇಗಿದೆ ಮೇಡಂ?’ ರಾಶಿ ಎಂದರೆ ನಮ್ಮ ಕಡೆಯ ಕೆಂಪಡಿಕೆಯ ಒಂದು ದರ್ಜೆ. ಅವನ ಮನೆಯಲ್ಲೂ ಒಂದು ಎಕರೆ ತೋಟವಿತ್ತು.

ಅಡಿಕೆ ಬೇಕೆಂದು ಮನೆಗೆ ಫೋನ್ ಮಾಡಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ: ‘ಹೇಗಿದ್ದರೂ ಪುಡಿ ಮಾಡುವುದಲ್ಲವಾ, ರಾಶಿಯೇ ಬೇಕಾ? ಗೊರಬಲು ಸಾಲದಾ?’ ಗೊರಬಲು ಎಂದರೆ ಕಡಿಮೆ ಬೆಲೆಯ ದರ್ಜೆ. ಈಚಿನ ವರ್ಷಗಳಲ್ಲಿ ಕ್ವಿಂಟಲಿಗೆ ಐವತ್ತು ಸಾವಿರದ ಆಚೀಚೆ ಆಡುವ ರಾಶಿಯನ್ನು ಮಿಕ್ಸಿಗೆ ಹಾಕುವುದು ಯಾವ ಬೆಳೆಗಾರನಿಗೂ ಸಹಿಸುವ ಮಾತಲ್ಲ. ಕೊನೆಗೆ ಒಳ್ಳೆಯ ರಾಶಿಯನ್ನೇ ಕಳಿಸಿದರು. ಕರಾವಳಿಯ ನಂಟರ ಮನೆಯಿಂದ ಚಾಲಿಯೂ ಬಂತು. ನನ್ನ ಪ್ರಶ್ನೆ ಸಣ್ಣದು: ಹಸಿರುಗಾಯಿ ಸುಲಿದು, ಚೊಗರಿನಲ್ಲಿ (ಮೊದಲೇ ಅಡಿಕೆ ಬೇಯಿಸಿ ಉಳಿದ ಒಗರು ನೀರಿನಲ್ಲಿ) ಬೇಯಿಸಿ ಒಣಗಿಸುವ ನಮ್ಮ ಕೆಂಪಡಿಕೆಗೂ, ಹಣ್ಣಡಿಕೆಯನ್ನು ಸಿಪ್ಪೆಸಮೇತ ಬಿಸಿಲಿಗೆ ಒಣಗಿಸಿ ಸುಲಿಯುವ ಚಾಲಿಗೂ ಕೋಶಗಳ ಮಟ್ಟದಲ್ಲಿ ವ್ಯತ್ಯಾಸವೇನಾದರೂ ಇದೆಯೇ? ಬೇಯಿಸುವಾಗ ಅಡಿಕೆಯ ಮುಖ್ಯ ಸಸ್ಯಕ್ಷಾರವಾದ (ಆಲ್ಕಲಾಯ್ಡ್) ಅರೆಕೋಲಿನ್ ಒಂದಿಷ್ಟು ನೀರಿಗೆ ಇಳಿದು ಹೋಗುತ್ತದೆ. ಹಾಗಾದರೆ ನಮ್ಮದು ಸ್ವಲ್ಪ ಸೌಮ್ಯವೇ? ಸೌಮ್ಯವಾಗಿದ್ದರೆ ಚೆನ್ನ ಎಂದು ನನ್ನೊಳಗಿನ ತೋಟದ ಮಗಳು ಆಸೆಪಟ್ಟದ್ದು ಸುಳ್ಳಲ್ಲ.

ಈಗ ನೀವು ಗಮನವಿಟ್ಟು ಓದಬೇಕಾದ ಭಾಗ.

ಕೋಶಗಳು ಬದುಕಿವೆಯೇ, ಸತ್ತಿವೆಯೇ ಎಂದು ತಿಳಿಯಲು ಎಂಟಿಟಿ ಎಂಬ ಪರೀಕ್ಷೆಯಿದೆ. ಜಗತ್ತಿನಾದ್ಯಂತ ಲ್ಯಾಬುಗಳಲ್ಲಿ ನಡೆಯುವಂಥದ್ದು. ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ 96 ಸಣ್ಣ ಗುಳಿಗಳು. ಗುಳಿಗಳಲ್ಲಿ ಕೋಶಗಳನ್ನು ಬೆಳೆಸಿ, ಬೇರೆ ಬೇರೆ ಪ್ರಮಾಣದಲ್ಲಿ ಅಡಿಕೆಯ ಸಾರ ಹಾಕಿ, ಒಂದು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ದ್ರಾವಣ ಸೇರಿಸಬೇಕು. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಹರಳಾಗಿ ಮಾರ್ಪಡಿಸುತ್ತದೆ, ಸತ್ತದ್ದು ಮಾರ್ಪಡಿಸುವುದಿಲ್ಲ. ನೇರಳೆ ಎಷ್ಟು ಗಾಢವೋ ಜೀವ ಅಷ್ಟು ಹೆಚ್ಚು ಎಂಬುದು ಲೆಕ್ಕ. ಪ್ಲೇಟನ್ನು ಹೊರತೆಗೆದಾಗ ಅಡಿಕೆಯ ಸಾರ ಹಾಕಿದ ಹಲವು ಗುಳಿಗಳು ಏನೂ ಹಾಕದ ಗುಳಿಗಳಿಗಿಂತ ಗಾಢವಾಗಿ ನೇರಳೆಗಟ್ಟಿದ್ದವು. ಅಂದರೆ, ಅಡಿಕೆ ಕುಡಿದ ಕೋಶಗಳು ಪುಷ್ಟಿಯಾಗಿ ಬೆಳೆದಿವೆ ಎಂದಾಯಿತು. ಪಕ್ಕದ ಮೇಜಿನ ಗೆಳತಿ, ‘ನಿಮ್ಮ ಊರಿನವರಿಗೆ ಫೋಟೋ ಕಳಿಸು, ಮೆರವಣಿಗೆ ಮಾಡುತ್ತಾರೆ’ ಎಂದು ನಕ್ಕಳು.

ಆದರೆ ಪ್ಲೇಟಿನ ಕೊನೆಯ ಸಾಲಿನಲ್ಲಿ, ನಮ್ಮ ಗೈಡ್ ಕಡ್ಡಾಯ ಮಾಡಿದ್ದರಿಂದ, ಕೋಶಗಳೇ ಇಲ್ಲದ ಗುಳಿಗಳಿದ್ದವು. ಅವುಗಳಲ್ಲಿ ಇದ್ದದ್ದು ಬರೀ ಸಾರ ಮತ್ತು ಎಂಟಿಟಿ. ಅವೂ ನೇರಳೆಯಾಗಿದ್ದವು! ಜೀವವೇ ಇಲ್ಲದ ಕಡೆ ಜೀವದ ಬಣ್ಣ. ಕಾರಣ ಸರಳ: ಅಡಿಕೆಯಲ್ಲಿ ಧಾರಾಳವಾಗಿರುವ ಟ್ಯಾನಿನ್ನಿನಂಥ ವಸ್ತುಗಳು, ಅಂದರೆ ಚೊಗರಿಗೆ ಒಗರು ಕೊಡುವ ಅವೇ ವಸ್ತುಗಳು, ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆಗೆ ತಿರುಗಿಸಬಲ್ಲವು. ಸಾರವನ್ನು ಪೂರ್ತಿ ತೊಳೆದು ತೆಗೆದ ಮೇಲೆ ಎಂಟಿಟಿ ಹಾಕಿ ನೋಡಿದೆ. ಅದೂ ಸಾಲದೆಂದು ಟ್ರಿಪಾನ್ ಬ್ಲೂ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಚೌಕಗಳಲ್ಲಿ ಬಿದ್ದ ಕೋಶಗಳನ್ನು ಕಣ್ಣಿನಿಂದಲೇ ಎಣಿಸಿದೆ. ನೀಲಿ ಹೀರಿದ್ದು ಸತ್ತದ್ದು, ಹೀರದೆ ಹೊಳೆಯುವುದು ಬದುಕಿದ್ದು. ಚಿತ್ರ ತಲೆಕೆಳಗಾಯಿತು. ಸಾರದ ಪ್ರಮಾಣ ಏರಿದಂತೆ ಬದುಕಿದ ಕೋಶಗಳು ಕಡಿಮೆಯಾಗುತ್ತಾ ಹೋದವು. ಬೇರೆ ದೇಶಗಳ ಲ್ಯಾಬುಗಳು ಎಷ್ಟೋ ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ.

‘ಹಾನಿಕರವಲ್ಲವೆಂದು ಸಾಬೀತು ಮಾಡಲು’ ಹಣ ಪಡೆದವರು ಯಾವ ಪ್ಲೇಟಿಗೆ ಕೆಲಸ ನಿಲ್ಲಿಸುತ್ತಿದ್ದರು, ನೀವೇ ಯೋಚಿಸಿ. ಕೊನೆಯ ಸಾಲನ್ನು ಹಾಕದೇ ಇದ್ದರೆ ಸಾಕು, ಯಾರೂ ಸುಳ್ಳು ಹೇಳಬೇಕಾಗಿಲ್ಲ. ಅಂಕಿಗಳು ನಿಜ, ಫೋಟೋ ನಿಜ, ಯಂತ್ರದ ಮುದ್ರಿತ ಹಾಳೆ ನಿಜ. ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಅಡಿಕೆ ವಿಷವೆಂದು ತೋರಿಸಲೇ ಹೊರಟವರಿಗೂ ದಾರಿ ಸುಲಭವಿದೆ: ಯಾವ ಬಾಯಲ್ಲೂ ಇರಲಾರದಷ್ಟು ಗಟ್ಟಿ ಸಾರವನ್ನು ಸುರಿದರಾಯಿತು. ಹಾಗೆ ಸುರಿದರೆ ಅಡುಗೆ ಉಪ್ಪಿಗೂ ಕೋಶಗಳು ಸಾಯುತ್ತವೆ. ನನ್ನ ಕೆಲಸದ ಬೆಲೆಯೂ ಅಷ್ಟಕ್ಕಷ್ಟೇ. ಪ್ಲೇಟು ಬಾಯಲ್ಲ, ಅದರಲ್ಲಿ ಜೊಲ್ಲಿಲ್ಲ, ರಕ್ತದ ಓಡಾಟವಿಲ್ಲ. ರಾಶಿಗೂ ಚಾಲಿಗೂ ಎದ್ದು ಕಾಣುವ ವ್ಯತ್ಯಾಸ ನನಗೆ ಸಿಗಲಿಲ್ಲ, ಸಿಕ್ಕಿದ ಮಾದರಿಗಳು ಗಟ್ಟಿಯಾಗಿ ಹೇಳಲು ಸಾಲವು ಎಂದೇ ಥೀಸಿಸಿನಲ್ಲಿ ಬರೆದಿದ್ದೇನೆ. ವೈವಾದಲ್ಲಿ ಪರೀಕ್ಷಕರು ಮೆಚ್ಚಿದ್ದು ಆ ವಾಕ್ಯವನ್ನು.

ಅಡಿಕೆ ಕ್ಯಾನ್ಸರ್‌ಕಾರಕ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತೆತ್ತಿದರೆ ನಮ್ಮಲ್ಲಿ ‘ಅವರು ಪರೀಕ್ಷೆ ಮಾಡಿದ್ದು ಗುಟ್ಕಾವನ್ನು, ತಂಬಾಕಿನ ಪಾಪವನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ’ ಎಂಬ ಉತ್ತರ ತಯಾರಿರುತ್ತದೆ. ಒಂದು ಕಾಲಕ್ಕೆ ಇದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1985ರಲ್ಲಿ ತಂಬಾಕು ಸೇರಿದ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ತಂಬಾಕಿಲ್ಲದ ಎಲೆಅಡಿಕೆ ಮತ್ತು ಅಡಿಕೆಯನ್ನೇ, ಕ್ಯಾನ್ಸರ್‌ಕಾರಕವೆಂದು ಖಚಿತವಾದವುಗಳ ಒಂದನೇ ಗುಂಪಿಗೆ ಸೇರಿಸಿದ ವರದಿ ಬಂದದ್ದು 2004ರಲ್ಲಿ. ಆ ತೀರ್ಮಾನಕ್ಕೆ ದೊಡ್ಡ ಆಧಾರ ತೈವಾನಿನ ಅಧ್ಯಯನಗಳು; ಅಲ್ಲಿನವರು ಅಡಿಕೆ ಜಗಿಯುತ್ತಾರೆ, ಆದರೆ ಅದಕ್ಕೆ ತಂಬಾಕು ಬೆರೆಸುವುದಿಲ್ಲ. ಹಾಗಾಗಿ ‘ಅದು ತಂಬಾಕಿನದು’ ಎಂಬ ವಾದ ಈಗ ಲಿಯಾನ್‌ನಲ್ಲಿ ನಿಲ್ಲುವುದಿಲ್ಲ. ಸಭೆಯಲ್ಲಿ ಮಾತ್ರ ನಿಲ್ಲುತ್ತದೆ.

ಅದೇ ಏಜೆನ್ಸಿಯ ವರದಿಗಳಲ್ಲಿ ಬೆಳೆಗಾರರು ತಿಳಿದಿರಬೇಕಾದ ಬೇರೆ ಸಂಗತಿಗಳೂ ಇವೆ. ಗುಂಪು ಎಂದರೆ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದರ ವಿಂಗಡಣೆ. ಅಪಾಯ ಎಷ್ಟು ದೊಡ್ಡದು ಎಂಬುದರ ಅಳತೆಯಲ್ಲ. ಬಿಸಿಲು, ಮದ್ಯ, ಸಂಸ್ಕರಿಸಿದ ಮಾಂಸ ಎಲ್ಲವೂ ಆ ಒಂದನೇ ಗುಂಪಿನಲ್ಲೇ ಇವೆ. ಅಡಿಕೆಯಿಂದ ಬೇರ್ಪಡಿಸಿದ ಅರೆಕೋಲಿನ್ನನ್ನು 2020ರ ಸಭೆಯಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಿದಾಗ ಅದಕ್ಕೆ ಸಿಕ್ಕಿದ್ದು ಒಂದನೇ ಗುಂಪಲ್ಲ, ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ 2ಬಿ ಗುಂಪು. ಅಂದರೆ ಕೇಳಲು ಇನ್ನೂ ನೂರು ಪ್ರಶ್ನೆಗಳಿವೆ: ದಿನಕ್ಕೆ ಎಷ್ಟು, ಯಾವ ರೂಪದಲ್ಲಿ, ಎಷ್ಟು ವರ್ಷ, ಸುಣ್ಣದ ಜೊತೆಗೋ ಸುಣ್ಣವಿಲ್ಲದೆಯೋ? ನಿಮ್ಮ ಭಾಷಣಗಳಲ್ಲಿ ಇವು ಒಂದೂ ಬರುವುದಿಲ್ಲ. ‘ಹಾನಿಯಿಲ್ಲ’ ಎಂಬ ಉತ್ತರ ಗಟ್ಟಿಯಾದ ಮೇಲೆ ಪ್ರಶ್ನೆಗಳಿಗೆ ಜಾಗವೆಲ್ಲಿ?

ಇನ್ನು ಅಜ್ಜಿಯ ವಾದ. ‘ನಮ್ಮ ಅಜ್ಜಿ ಎಂಬತ್ತು ದಾಟುವವರೆಗೆ ಕವಳ ಹಾಕಿದಳು, ಏನೂ ಆಗಲಿಲ್ಲ.’ ನನಗೂ ಅಂಥ ಅಜ್ಜಿ ಇದ್ದರು. ಊಟವಾದ ಮೇಲೆ ಚಿಟಿಕೆ ಸುಣ್ಣ ಸವರಿದ ಎಲೆಗೆ ಅಡಕತ್ತರಿಯಲ್ಲಿ ಹೋಳು ಮಾಡಿದ ಅಡಿಕೆ ಇಟ್ಟು ಮಡಚುವ ಅವರ ಶಿಸ್ತೇ ಬೇರೆ. ಆದರೆ ಅದೇ ಕವಳ ಹಾಕಿ ಅರವತ್ತಕ್ಕೇ ಹೋದ ಅಜ್ಜಿಯ ಕತೆಯನ್ನು ಹೇಳಲು ಯಾವ ಸಭೆಗೂ ಯಾರೂ ಬರುವುದಿಲ್ಲ. ಅದಕ್ಕೇ ಕಾಯಿಲೆ ಬಂದವರನ್ನೂ ಬಾರದವರನ್ನೂ ಅಕ್ಕಪಕ್ಕ ಇಟ್ಟು, ವಯಸ್ಸು, ಬೀಡಿ, ಮದ್ಯ ಎಲ್ಲವನ್ನೂ ಸರಿದೂಗಿಸಿ ಎಣಿಸಬೇಕು. ಮೇಲಾಗಿ, ಮಂಡಿಯಲ್ಲಿ ಕುಳಿತವರಿಗೆಲ್ಲ ಗೊತ್ತಿರುವಂತೆ ನಮ್ಮ ರಾಶಿ ಬಹುಮಟ್ಟಿಗೆ ಹೋಗುವುದು ಅಜ್ಜಿಯರ ಸಂಚಿಗಲ್ಲ, ಉತ್ತರ ಭಾರತದ ಪಾನ್ ಮಸಾಲ ಕಾರ್ಖಾನೆಗಳಿಗೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ಜೋಡಿಯಾಗಿ ತೂಗುತ್ತಿವೆ. ಬೆಳಗಿನಿಂದ ಸಂಜೆಯವರೆಗೆ ಅದನ್ನು ದವಡೆಗೆ ಒತ್ತಿಕೊಂಡು ಗಾಡಿ ಓಡಿಸುವವನಿಗೆ ಅಜ್ಜಿಯ ಉದಾಹರಣೆ ಕೊಟ್ಟು ಧೈರ್ಯ ಹೇಳುವುದು ಅನ್ಯಾಯ.

ಉತ್ತರ ಗೊತ್ತಿಲ್ಲದೆ ಹುಡುಕಿದವರಿಂದ ಈ ನೆಲಕ್ಕೆ ಆದ ಉಪಕಾರವನ್ನು ನೀವು ಮರೆತಂತಿದೆ. ಕೊಳೆರೋಗ ತೋಟಗಳನ್ನು ನುಂಗುತ್ತಿದ್ದ ಕಾಲದಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದರ ಶಿಲೀಂಧ್ರವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಲ್ಲಿ ಬೇರೂರಿದ್ದು ಅವರ ಕಾಲದ ಪ್ರಯತ್ನದಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪುಣೆಯಿಂದ ಬಂದ ವಿಜ್ಞಾನಿಗಳ ಮೊದಲ ಅನುಮಾನವಿದ್ದದ್ದು ಹಳದಿ ಜ್ವರದ ಮೇಲೆ. ಸಿಕ್ಕಿದ್ದು ಜಗತ್ತಿಗೆ ಗೊತ್ತೇ ಇರದಿದ್ದ, ಉಣುಗಿನಿಂದ ಹರಡುವ ಬೇರೊಂದು ವೈರಸ್. ಅನುಮಾನವನ್ನೇ ಸಾಬೀತು ಮಾಡಲು ಹೊರಟಿದ್ದರೆ ಮಂಗನ ಕಾಯಿಲೆ ಎಂಬುದು ಇನ್ನೆಷ್ಟು ಕಾಲ ಪತ್ತೆಯಾಗದೆ ಉಳಿಯುತ್ತಿತ್ತೋ. ಅಷ್ಟೇಕೆ, ಮೊನ್ನೆ ಮೊನ್ನೆ ಎಲೆಚುಕ್ಕಿ ಬಂದಾಗ ನೀವೇ ವಿಜ್ಞಾನಿಗಳನ್ನು ತೋಟಕ್ಕೆ ಕರೆಸಿದಿರಿ. ‘ರೋಗವಿಲ್ಲವೆಂದು ಸಾಬೀತು ಮಾಡಿ ಕೊಡಿ’ ಎಂದು ಆಗ ಒಬ್ಬರೂ ಕೇಳಲಿಲ್ಲ. ಮರದ ಕಾಯಿಲೆಗೆ ಒಂದು ನ್ಯಾಯ, ಮನುಷ್ಯನ ಕಾಯಿಲೆಗೆ ಇನ್ನೊಂದೇ?

ಆ ಬೋರ್ಡೋ ದ್ರಾವಣದಿಂದಲೇ ಒಂದು ಪ್ರಶ್ನೆ ಹುಟ್ಟುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶ ಬೇರೆ ಎಷ್ಟೋ ಬೀಜ, ಕಾಯಿಗಳಿಗಿಂತ ಹೆಚ್ಚು. ದೇಹದಲ್ಲಿ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಕೊಲಾಜನ್ ನಾರುಗಳನ್ನು ಒಂದಕ್ಕೊಂದು ಬಿಗಿಯುವುದು ಅದರ ಕೆಲಸ, ಆ ಕೆಲಸಕ್ಕೆ ಅದಕ್ಕೆ ತಾಮ್ರ ಬೇಕು. ಬಾಯಿ ನಾರುಗಟ್ಟುವ ಕಾಯಿಲೆಯಲ್ಲಿ ಅಡಿಕೆಯ ತಾಮ್ರದ ಕೈವಾಡವಿದೆ ಎಂದು ಸಂಶೋಧಕರು ಬಹುಕಾಲದಿಂದ ಹೇಳುತ್ತಿದ್ದಾರೆ. ಮಳೆಗಾಲದಲ್ಲಿ ನಾವು ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಹೊಡೆಯುವ ಮೈಲುತುತ್ತವೂ ತಾಮ್ರವೇ. ಹಳೆಯ ಮನೆಗಳಲ್ಲಿ ಅಡಿಕೆ ಬೇಯಿಸುವ ಹಂಡೆಯೂ ತಾಮ್ರದ್ದೇ. ಇವುಗಳಿಂದ ಎಷ್ಟು ತಾಮ್ರ ಹೋಳಿನೊಳಗೆ ಇಳಿಯುತ್ತದೆ, ಕೊನೆಯ ಸಲ ಔಷಧಿ ಹೊಡೆದು ಎಷ್ಟು ದಿನಕ್ಕೆ ಕೊಯ್ದರೆ ಅದು ಕಡಿಮೆಯಾಗುತ್ತದೆ, ಹಂಡೆ ಬದಲಿಸಿದರೆ ಏನಾಗುತ್ತದೆ? ಇವು ಬೆಳೆಗಾರ ತನ್ನ ಅಂಗಳದಲ್ಲೇ ಬದಲಾಯಿಸಬಹುದಾದ ಸಂಗತಿಗಳು. ಆದರೆ ಅಡಿಕೆಯಲ್ಲಿ ದೋಷವೇ ಇಲ್ಲ ಎಂದು ಹೊರಟ ಯೋಜನೆಯೊಳಗೆ ಈ ಪ್ರಶ್ನೆ ಕೇಳುವ ಧೈರ್ಯ ಯಾವ ವಿಜ್ಞಾನಿಗೆ ಬಂದೀತು?

ನಿಮ್ಮ ಹೆದರಿಕೆ ನನಗೆ ಗೊತ್ತಿಲ್ಲದೇ ಇಲ್ಲ. ನಿಷೇಧ ಎಂಬ ಶಬ್ದ ಪತ್ರಿಕೆಯಲ್ಲಿ ಬಂದ ದಿನ ಧಾರಣೆ ಕುಸಿಯುತ್ತದೆ. ಮನೆ ಸಾಲ, ಮದುವೆ, ಆಸ್ಪತ್ರೆ ಎಲ್ಲಕ್ಕೂ ನಮಗಿರುವುದು ಆ ಒಂದೇ ಬೆಳೆ. ನನ್ನ ಫೀಸು ಕಟ್ಟಿದ್ದೂ ಅದೇ. ಆದರೆ ಕೊಂಡು ತಂದ ಉತ್ತರ ನಮ್ಮನ್ನು ಕಾಯುವುದಿಲ್ಲ. ಅಮೆರಿಕದ ಸಿಗರೇಟು ಕಂಪನಿಗಳು 1954ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟು, ತಮ್ಮದೇ ಸಂಶೋಧನಾ ಸಮಿತಿ ಕಟ್ಟಿಕೊಂಡು ಸಿಗರೇಟಿನ ಹಾನಿಯ ಬಗ್ಗೆ ದಶಕಗಟ್ಟಲೆ ಅನುಮಾನವನ್ನು ಬೆಳೆಸಿದವು. ಅದರಿಂದ ಕಂಪನಿಗಳಿಗೆ ಕಾಲಾವಕಾಶ ಸಿಕ್ಕಿತು. ಸೇದುವವರಿಗೆ ಏನು ಸಿಕ್ಕಿತೆಂಬುದು ಎಲ್ಲರಿಗೂ ಗೊತ್ತು. ಬೆಳೆಗಾರರು ಹಣ ಕೊಟ್ಟು ‘ನಿರ್ದೋಷಿ’ ಎಂದು ಬರೆಸಿದ ವರದಿಯನ್ನು ನಾಳೆ ಯಾವ ನ್ಯಾಯಾಲಯವೂ, ಯಾವ ಲಿಯಾನ್ ಸಮಿತಿಯೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಒಂದು ವೇಳೆ ಬೇಯಿಸಿದ ಅಡಿಕೆ ಕಡಿಮೆ ಅಪಾಯದ್ದು ಎಂಬುದು ನಿಜವೇ ಆಗಿದ್ದರೂ, ಆ ನಿಜವನ್ನು ನಂಬುವವರು ಇರುವುದಿಲ್ಲ.

ಹಾಗಾದರೆ ಹಣ ಎಲ್ಲಿ ಹಾಕಬೇಕು? ನನ್ನ ಉತ್ತರದಲ್ಲಿ ಸ್ವಾರ್ಥವಿದೆ, ಇರಲಿ. ಮೊದಲು ವಿದ್ಯಾರ್ಥಿಗಳಿಗೆ ಹಾಕಿ. ರಾಷ್ಟ್ರೀಯ ಪರೀಕ್ಷೆ ಪಾಸಾಗಿ ಪಿಎಚ್.ಡಿ.ಗೆ ಸೇರಿದ ಜೂನಿಯರ್ ಫೆಲೋಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಗೇಟ್ ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್.ಗೆ ಸೇರಿದವರಿಗೆ 12,400 ರೂಪಾಯಿ. ಅದೇ ಮೇಜಿನಲ್ಲಿ, ಅದೇ ಪಿಪೆಟ್ ಹಿಡಿದು, ಅದೇ ಭಾನುವಾರ ಬಂದು ಕೋಶಗಳಿಗೆ ಆಹಾರ ಹಾಕುತ್ತಿದ್ದ ನನಗೆ ಸೊನ್ನೆ, ಮೇಲಿಂದ ಫೀಸು. ಕೋಶ ಬೆಳೆಸಲು ಬೇಕಾದ ಸೀರಮ್ ಅರ್ಧ ಲೀಟರ್ ಬಾಟಲಿಗೆ ಹತ್ತಾರು ಸಾವಿರ ರೂಪಾಯಿ. ಕೆಳಗೆ ಒಂದು ಹನಿ ಚೆಲ್ಲಿದರೆ ಲ್ಯಾಬಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ನನ್ನ ಜೊತೆಗೆ ಸೇರಿದ, ನನಗಿಂತ ಚುರುಕಾಗಿದ್ದ ಹುಡುಗನೊಬ್ಬ ಮನೆಯ ಸಾಲಕ್ಕೆ ಹೆದರಿ ನಡುವೆಯೇ ಬಿಟ್ಟು ಔಷಧ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾಗಿ ಹೋದ. ಅವನು ಹಿಡಿದಿದ್ದ ಪ್ರಶ್ನೆಯನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

ಶಿವಮೊಗ್ಗ ಜಿಲ್ಲೆಯೊಂದರಲ್ಲೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿದೆ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಡಿಕೆಯಲ್ಲಿ ಏನಿದೆ ಎಂದು ಅಳೆಯಬಲ್ಲವರು ಒಂದು ಕಡೆ, ಕೋಶ ಬೆಳೆಸಬಲ್ಲವರು ಇನ್ನೊಂದು ಕಡೆ, ಬಾಯಿ ತೆರೆಯಲಾಗದೆ ಬರುವವರನ್ನು ನೋಡುವವರು ಮತ್ತೊಂದು ಕಡೆ. ಈ ಮೂವರಿಗೂ ಸೇರಿದಂತೆ ಕೆಲವು ಸಂಶೋಧನಾ ಸ್ನಾತಕೋತ್ತರ ಸೀಟುಗಳನ್ನು ಸಹಕಾರ ಸಂಘಗಳು ಪ್ರಾಯೋಜಿಸಲಿ, ಎಂ.ಟೆಕ್.ನವರಿಗೆ ಸಿಗುವಷ್ಟಾದರೂ ಸ್ಟೈಪೆಂಡ್ ಕೊಡಲಿ. ತೋಟದ ಮನೆಯ ಮಕ್ಕಳೇ ಬರುತ್ತಾರೆ. ರಾಶಿಗೂ ಗೊರಬಲಿಗೂ ವ್ಯತ್ಯಾಸ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಹಣ ಕೊಡುವಾಗ ಷರತ್ತುಗಳೂ ಇರಲಿ, ಆದರೆ ನಿಮ್ಮ ಮೇಲೆಯೇ ಇರಲಿ. ಜನರನ್ನು ಒಳಗೊಂಡ ಅಧ್ಯಯನವಾದರೆ ಏನನ್ನು, ಯಾರಲ್ಲಿ, ಹೇಗೆ ಅಳೆಯುತ್ತೇವೆ ಎಂಬುದನ್ನು ಶುರುಮಾಡುವ ಮೊದಲೇ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಲಿ. 2007ರಿಂದ ಆ ವ್ಯವಸ್ಥೆ ಇದೆ, ಯಾರು ಬೇಕಾದರೂ ತೆರೆದು ಓದಬಹುದು. ಫಲಿತಾಂಶ ನಿಮಗೆ ಹಿಡಿಸಲಿ, ಹಿಡಿಸದಿರಲಿ, ಪ್ರಕಟಿಸುವ ಹಕ್ಕು ಸಂಶೋಧಕರದೇ ಎಂದು ಒಪ್ಪಂದದಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ 1982ರಿಂದ ನಡೆಯುತ್ತಿರುವ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿಯಂಥದ್ದು ಅಡಿಕೆ ಬೆಳೆಯುವ ತಾಲ್ಲೂಕುಗಳಿಗೂ ಬೇಕೆಂದು ವಿಧಾನಸಭೆಯಲ್ಲಿ, ಸಂಸತ್ತಿನಲ್ಲಿ ಕೇಳಿ. ಅದು ಸರ್ಕಾರದ ಕೆಲಸ, ಸಂಘಗಳ ಕೈಗೆ ನಿಲುಕುವುದಲ್ಲ. ಮತ್ತು ಅಧ್ಯಯನ ಯಾವುದೇ ಇರಲಿ, ಅದರಲ್ಲಿ ಕೊನೆ ಕೊಯ್ಯುವವರು, ಅಡಿಕೆ ಸುಲಿಯುವ ಹೆಂಗಸರು ಇರಲಿ; ದಿನವಿಡೀ ಎಲೆಅಡಿಕೆ ಜಗಿಯುತ್ತಾ ಕೆಲಸ ಮಾಡುವವರು ಅವರು, ಸಭೆಗಳಲ್ಲಿ ಮಾತ್ರ ಅವರಿಗೆ ಕುರ್ಚಿ ಇರುವುದಿಲ್ಲ.

ಥೀಸಿಸಿನ ಪ್ರತಿ ಮನೆಗೆ ಬಂದಾಗ ಅಪ್ಪ ಅದನ್ನು ತಿರುವಿ ಹಾಕಿ, ಚಿತ್ರಗಳನ್ನು ನೋಡಿ, ‘ಇದನ್ನು ಸಂಘದಲ್ಲಿ ಕೊಡಬಹುದಾ, ಗಲಾಟೆಯಾಗುತ್ತದಾ?’ ಎಂದು ಕೇಳಿದರು. ಕೊಡಿ ಎಂದಿದ್ದೇನೆ. ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಅರ್ಧ ಗಂಟೆ ಇಟ್ಟರೆ ಆ ಪ್ಲೇಟಿನ ಫೋಟೋವನ್ನು ಕೊನೆಯ ಸಾಲಿನ ಸಮೇತ ತಂದು ತೋರಿಸುತ್ತೇನೆ. ಕೇಳುವ ಪ್ರಶ್ನೆಗಳಿಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಪ್ರೊಜೆಕ್ಟರ್ ಇಲ್ಲದಿದ್ದರೂ ನಡೆಯುತ್ತದೆ. ಮೈಕ್ ಮಾತ್ರ ಸರಿಯಾಗಿರಲಿ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಸಂಶೋಧನಾ ಸ್ನಾತಕೋತ್ತರ ಪದವೀಧರೆ